ಗೋದಾಮಿನ ಗೇಟು ಮತ್ತು ಗುಡುಗು ಮೇಸ್ತ್ರಿಯ ಡ್ರಮ್ಮು

ಬೀದಿಯ ಕೊನೆಯ ಮನೆಯ ಡೆಂಟಿಂಗ್ ಮೇಸ್ತ್ರಿಗೆ ಜನ ಗುಡುಗು ಮೇಸ್ತ್ರಿ ಎಂದು ಹೆಸರಿಟ್ಟು ಎಷ್ಟೋ ವರ್ಷಗಳಾದವು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಕರೆದರೆ ಗುಡುಗುತ್ತಾನೆ. ಗುದ್ದಿಸಿಕೊಂಡು ಬಂದ ಕಾರು, ವ್ಯಾನುಗಳ ನೆಗ್ಗು ತೆಗೆಯುವುದು ಅವನ ಕಸುಬು. ಮನೆಯ ಮುಂದುಗಡೆಯೇ ತಗಡಿನ ಶೆಡ್ಡು. ಶೆಡ್ಡಿನ ಹಿಂದೆ ಅಡುಗೆಮನೆ, ಅದರ ಹಿಂದೆ ಒಂದು ಮಲಗುವ ಕೋಣೆ, ಮೇಲೆ ಬರೀ ತಾರಸಿ. ಸ್ಕೂಲಿನಲ್ಲಿ ಅವನು ಹೆಚ್ಚು ಕಾಲ ಕೂತವನಲ್ಲ. ಮೇಷ್ಟ್ರು ಕೇಳಿದ ಪ್ರಶ್ನೆಗೆ ಉತ್ತರ ಗೊತ್ತಿಲ್ಲದಿದ್ದರೆ ಬಾಯಿಗೆ ಬಂದದ್ದನ್ನು ಜೋರಾಗಿ ಹೇಳಿಬಿಡುವ ಅಭ್ಯಾಸ ಅಲ್ಲಿ ಹತ್ತಿತ್ತು. ಸ್ಕೂಲು ಬಿಟ್ಟುಹೋಯಿತು, ಅಭ್ಯಾಸ ಬಿಡಲಿಲ್ಲ.

ಅವನ ಒಳಗಿನ ವಿಷಯವೆಲ್ಲ ಇದನ್ನು ಬರೆಯುವವನಿಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಕೇಳಿದರೆ ಸಿಟ್ಟು ಬರುತ್ತದೆ.

ಹೆಂಡತಿ ದೊಡ್ಡ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸು. ಬೀದಿಯವರೆಲ್ಲ ಹಲ್ಲುಜ್ಜುವ ಹೊತ್ತಿಗೆ ಅವಳು ಮನೆಗೆ ಬಂದು, ಎರಡು ತುತ್ತು ತಿಂದು, ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ಕಿಟಕಿಗೆ ಕಪ್ಪು ಪರದೆ, ಕಿವಿಗೆ ಹತ್ತಿ. ಅವಳು ದಿಂಬಿಗೆ ತಲೆ ಕೊಡುವ ಹೊತ್ತು, ಗಂಡ ಸುತ್ತಿಗೆ ಎತ್ತುವ ಹೊತ್ತು, ಎರಡೂ ಒಂದೇ. ಮದುವೆಯಾದಾಗಿನಿಂದ ಹೀಗೇ ನಡೆದುಬಂದಿತ್ತು. “ನನ್ನ ಸದ್ದು ಅವಳಿಗೆ ಅಭ್ಯಾಸ ಆಗ್ಹೋಗಿದೆ” ಎಂದು ಮೇಸ್ತ್ರಿ ಎಲ್ಲರ ಹತ್ತಿರವೂ ಹೇಳುತ್ತಿದ್ದ. ಅವಳನ್ನು ಕೇಳಿ ಹೇಳಿದ ಮಾತಲ್ಲ. ಕೇಳಬಹುದಿತ್ತು. ಆದರೆ ಅವನು ಕೆಲಸದಲ್ಲಿರುವಾಗ ಅವಳು ಮಲಗಿರುತ್ತಿದ್ದಳು, ಅವಳು ಎದ್ದಾಗ ಅವನು ಮಾತಾಡುತ್ತಿರುತ್ತಿದ್ದ.

ಮೇಸ್ತ್ರಿಯ ಮನೆ ದಾಟಿದರೆ ಮುಚ್ಚಿಹೋದ ಗಾಜಿನ ಕಾರ್ಖಾನೆಯ ಖಾಲಿ ಜಾಗ. ಅಲ್ಲಿ ದೊಡ್ಡದೊಂದು ಗೋದಾಮು ಬರುತ್ತದೆ ಎಂಬ ಸುದ್ದಿ ತಂದವನು ಅವನ ಬಾಮೈದ. ಹೆಂಡತಿಯ ತಮ್ಮನಾದ ಈ ಪುಣ್ಯಾತ್ಮ ಶೆಡ್ಡಿನಲ್ಲೇ ಪೇಂಟಿಂಗ್ ಮಾಡುತ್ತಾನೆ. ಭಾವ ನೆಗ್ಗು ತೆಗೆದ ಜಾಗಕ್ಕೆ ಬಣ್ಣ ಹೊಡೆಯುವುದು ಅವನ ಕೆಲಸ, ಭಾವನ ಮಾತಿಗೆ ಬಣ್ಣ ಹಚ್ಚಿ ಬೀದಿಗೆ ಹಂಚುವುದು ಅವನ ಹವ್ಯಾಸ.

“ಭಾವ, ಲಾರಿಗಳು ಹಗಲೂ ರಾತ್ರಿ ಓಡಾಡ್ತವಂತೆ. ಗೇಟು ಎಲ್ಲಿಡೋದು ಅಂತ ಇನ್ನೂ ತೀರ್ಮಾನ ಆಗಿಲ್ಲ. ಒಂದು ನಮ್ಮ ಬೀದಿ ಕಡೆ, ಇಲ್ಲಾಂದ್ರೆ ಹಿಂದ್ಗಡೆ ಕಾಲುವೆ ರಸ್ತೆ ಕಡೆ. ಕಾಲುವೆ ಕಡೆ ಆದ್ರೆ ಲಾರಿ ಆಚೆ ದಡಕ್ಕೆ ದಾಟೋಕೆ ಕಂಪನಿಯವ್ರು ಒಂದು ಸೇತುವೆ ಕಟ್ಬೇಕು. ಅದಕ್ಕೇ ಅವ್ರಿಗೆ ನಮ್ಮ ಬೀದಿ ಮೇಲೇ ಕಣ್ಣು.”

ಮೇಸ್ತ್ರಿ ಸುತ್ತಿಗೆ ಕೆಳಗಿಟ್ಟ. ಅವನು ಸುತ್ತಿಗೆ ಕೆಳಗಿಟ್ಟನೆಂದರೆ ಭಾಷಣ ಶುರುವಾಯಿತೆಂದೇ ಲೆಕ್ಕ.

“ಗೇಟು ಈ ಕಡೆ ಬಂತು ಅಂದ್ರೆ ಲಾರಿ ನನ್ನ ಹೆಣದ ಮೇಲೇ ಹೋಗ್ಬೇಕು! ಹಿಂದ್ಗಡೆ ಕೋಣೇಲಿ ನಮ್ಮನೆಯವಳು ಮಲಗ್ತಾಳೆ. ರಾತ್ರಿಯೆಲ್ಲ ರೋಗಿಗಳ ಚಾಕರಿ ಮಾಡಿ ಬಂದವಳ ನಿದ್ದೆ ಕೆಡಿಸೋಕೆ ಇವರ್ಯಾರು? ಹಗಲು ಹೊತ್ತು ಒಬ್ಬ ಹೆಂಗಸು ನೆಮ್ಮದಿಯಾಗಿ ಮಲಗೋ ಹಾಗಿಲ್ವಾ ಈ ಬೀದೀಲಿ?”

ಕೊನೆಯ ವಾಕ್ಯಕ್ಕೆ ತಗಡಿನ ಛಾವಣಿ ಗುಂಯ್‌ಗುಟ್ಟಿತು. ಎದುರುಮನೆಯ ಟೈಲರಮ್ಮ ಹೊಲಿಗೆ ನಿಲ್ಲಿಸಿ ಕಿಟಕಿಯಿಂದ ತಲೆ ಹಾಕಿದಳು.

“ಅಣ್ಣಾ, ಅಕ್ಕ ಈಗ್ತಾನೆ ಮಲಗಿದ್ದಾರೆ. ಸ್ವಲ್ಪ ಮೆಲ್ಲಗೆ.”

“ನಾನು ಅವಳ ಪರವಾಗೇ ಮಾತಾಡ್ತಿರೋದು ಕಣಮ್ಮ!” ಎಂದು ಮೇಸ್ತ್ರಿ ಇನ್ನೂ ಜೋರಾಗಿ ಹೇಳಿದ.

ಸ್ವಲ್ಪ ದಿನಕ್ಕೆ ಸರ್ಕಾರದ ಕಡೆಯಿಂದ ಒಬ್ಬ ಇಂಜಿನಿಯರ್ ಹೆಣ್ಣುಮಗಳು ಬಂದಳು. ಗೋದಾಮು ಬಂದರೆ ಊರಿಗೆ ಏನು ಲಾಭ, ಸುತ್ತಮುತ್ತ ಏನು ಹಾನಿ ಎಂದು ಲೆಕ್ಕ ಹಾಕಿ ವರದಿ ಕೊಡುವುದು ಅವಳ ಕೆಲಸ. ಎಷ್ಟು ಜನಕ್ಕೆ ಉದ್ಯೋಗ, ಎಷ್ಟು ಲಾರಿ, ಎಷ್ಟು ಧೂಳು, ಮಳೆನೀರು ಎತ್ತ ಹರಿಯುತ್ತದೆ, ಸದ್ದು ಎಷ್ಟು ಏರುತ್ತದೆ, ಎಲ್ಲ ನೋಡಬೇಕಂತೆ. ಅವಳ ಚೀಲದಿಂದ ಹೊರಬಂದ ಮೀಟರುಗಳನ್ನು ನೋಡಿ ಬಾಮೈದ ಮೊದಲ ದಿನವೇ ಮೀಟರ್ ಮೇಡಂ ಎಂದು ನಾಮಕರಣ ಮಾಡಿದ. ಅವುಗಳಲ್ಲೊಂದು ಸದ್ದು ಅಳೆಯುವುದು. ಮೂರು ಕಾಲಿನ ಮೇಲೆ ನಿಲ್ಲಿಸಿದ ಸಣ್ಣ ಪೆಟ್ಟಿಗೆ, ಅದರ ತುದಿಗೆ ಕಪ್ಪು ಸ್ಪಂಜಿನ ಉಂಡೆ. ಗೇಟು ಬರಬಹುದಾದ ಜಾಗಕ್ಕೆ ಹತ್ತಿರದ ಮನೆ ಮೇಸ್ತ್ರಿಯದು. “ಒಂದು ವಾರ ನಿಮ್ಮ ತಾರಸಿ ಮೇಲೆ ಇಡಬಹುದಾ?” ಎಂದು ಅವಳು ಕೇಳಿದಾಗ ಅವನ ಎದೆ ಎರಡಿಂಚು ಉಬ್ಬಿತು. ಇಡೀ ಬೀದಿಯಲ್ಲಿ ಸರ್ಕಾರಕ್ಕೆ ಬೇಕಾದ ತಾರಸಿ ತನ್ನದೊಂದೇ.

ಮೀಟರನ್ನು ತಾನೇ ಹೊತ್ತು ಮೆಟ್ಟಿಲು ಹತ್ತಿದ. ಹತ್ತುತ್ತಾ ಗಾಜಿನ ಕಾರ್ಖಾನೆ ಹೇಗೆ ಮುಚ್ಚಿತು, ಮುಚ್ಚದಿರಲು ತಾನಾಗಿದ್ದರೆ ಏನು ಮಾಡುತ್ತಿದ್ದೆ ಎಂದು ವಿವರಿಸಿದ. ಮೇಡಂ ನಡುನಡುವೆ ಏನೋ ಹೇಳುತ್ತಿದ್ದಳು. ಈ ವಾರ ಎಲ್ಲರೂ ಮಾಮೂಲಿನಂತೆ ಇರಬೇಕು, ದಿನನಿತ್ಯ ಇಲ್ಲಿ ಎಷ್ಟು ಸದ್ದಿದೆಯೋ ಅಷ್ಟೇ ದಾಖಲಾಗಬೇಕು, ಅದರ ಮೇಲೆ ಲಾರಿಗಳ ಸದ್ದು ಎಷ್ಟು ಹೆಚ್ಚಾಗುತ್ತದೆ ಎಂದು ಆಮೇಲೆ ಹೋಲಿಸಿ ನೋಡುವುದು ಎಂದು ಅವಳು ಒಂದಲ್ಲ, ಮೂರು ಸಲ ಹೇಳಿದಳು. ಮೂರೂ ಸಲ ಮೇಸ್ತ್ರಿ ತಲೆಯಾಡಿಸಿದ. ಮೂರೂ ಸಲ ಅವನೂ ಮಾತಾಡುತ್ತಿದ್ದ. ಕೊನೆಗೆ ಅವನ ಕಿವಿಗೆ ಬಿದ್ದದ್ದು ಇಷ್ಟೇ: ಈ ಉಂಡೆ ಸದ್ದು ಕೇಳಿಸಿಕೊಳ್ಳುತ್ತದೆ.

ಮೇಡಂ ಹೋದ ಮೇಲೆ ಅವನು ಶೆಡ್ಡಿನಲ್ಲಿ ಕೂತು ಯೋಚನೆ ಮಾಡಿದ. ಯೋಚನೆ ಮಾಡಿದ್ದೇ ತಪ್ಪಾಯಿತು. ಅವನಿಗೆ ಗೊತ್ತಿದ್ದ ಶಾಸ್ತ್ರ ತಗಡಿನ ಶಾಸ್ತ್ರ ಒಂದೇ. ತಗಡನ್ನು ಮಿತಿ ಮೀರಿ ಬಡಿದರೆ ಅದು ತೆಳ್ಳಗಾಗುತ್ತದೆ. ಹಾಗೆ ತೆಳ್ಳಗಾದ ತಗಡಿಗೆ ಮತ್ತೊಂದು ಪೆಟ್ಟು ಬಿದ್ದರೆ ಹರಿದುಹೋಗುತ್ತದೆ. ಅಂಥ ಬಾಗಿಲು ಬಂದರೆ ‘ಇದಕ್ಕೆ ಇನ್ನು ಸುತ್ತಿಗೆ ತಾಗಿಸೋ ಹಾಗಿಲ್ಲ ಸ್ವಾಮಿ’ ಎಂದು ಅವನೇ ವಾಪಸು ಕಳಿಸುತ್ತಿದ್ದ. ಬೀದಿಯೂ ಹಾಗೇ ತಾನೇ? ಈಗಾಗಲೇ ತಡೆಯಲಾರದಷ್ಟು ಸದ್ದಿದೆ ಎಂದು ಮೀಟರಿನಲ್ಲಿ ಬಂದುಬಿಟ್ಟರೆ, ಇನ್ನೊಂದು ಲಾರಿಯ ಸದ್ದೂ ಈ ಬೀದಿ ತಾಳಲಾರದು ಎಂದು ಬರೆದೇ ಬರೆಯುತ್ತಾರೆ.

ತನ್ನ ಬುದ್ಧಿಗೆ ತಾನೇ ಬೆರಗಾಗಿ ಅವನು ಬಾಮೈದನನ್ನು ಕರೆದ.

“ಹಿತ್ತಲಲ್ಲಿ ಒಂದು ಖಾಲಿ ಡ್ರಮ್ಮಿದೆಯಲ್ಲ, ಎತ್ಕೊಂಡು ಬಾ.”

“ಯಾಕ್ ಭಾವ?”

“ಬಡಿಯೋಕೆ.”

“ಅದರಲ್ಲಿ ನೆಗ್ಗಿಲ್ವಲ್ಲ?”

“ಆಗುತ್ತೆ.”

ಆ ವಾರ ಬೀದಿ ಏನು ಕೇಳಿತು ಎಂಬುದನ್ನು ಬರೆಯಲು ಕೈ ನಾಚುತ್ತದೆ. ಮಾಮೂಲಿ ಕೆಲಸದ ಜೊತೆಗೆ ಖಾಲಿ ಡ್ರಮ್ಮು. ಕೈ ಸೋತಾಗ ಬಾಮೈದನ ಕೈಗೆ ಸುತ್ತಿಗೆ. ಇಬ್ಬರೂ ಸೋತಾಗ ಮೇಸ್ತ್ರಿ ಆಕಾಶದ ಕಡೆ ಮುಖ ಮಾಡಿ, ಉಂಡೆಗೆ ನೆಟ್ಟಗೆ ಕೇಳಿಸುವ ಹಾಗೆ, ಕಂಡಕಂಡವರನ್ನೆಲ್ಲ ಬಯ್ಯುತ್ತಿದ್ದ. ಕಾಣದಿದ್ದವರನ್ನೂ ಬಿಡಲಿಲ್ಲ.

ಎರಡನೆಯ ದಿನವೋ ಮೂರನೆಯ ದಿನವೋ ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಕೆಂಪು ಕಣ್ಣು, ಕೆದರಿದ ಕೂದಲು, ಒಂದು ಕಿವಿಯಲ್ಲಿ ಹತ್ತಿ, ಇನ್ನೊಂದು ಹತ್ತಿ ಕೈಯಲ್ಲಿ.

“ಏನ್ರೀ, ಈ ವಾರ ಇಷ್ಟೊಂದು ಕೆಲಸಾನಾ?”

“ನಿನ್ನ ನಿದ್ದೆಗೋಸ್ಕರಾನೇ ಬಡೀತಿದ್ದೀನಿ ಕಣೇ. ನೀನು ಸುಮ್ನೆ ಹೋಗಿ ಮಲಗು.”

ಅವಳು ಗಂಡನನ್ನು ನೋಡಿದಳು, ಡ್ರಮ್ಮನ್ನು ನೋಡಿದಳು. ನರ್ಸುಗಳಿಗೆ ಜ್ವರದಲ್ಲಿ ಬಡಬಡಿಸುವವರನ್ನು ನೋಡಿ ಅಭ್ಯಾಸವಿರುತ್ತದೆ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ವಾರದ ನಡುವೆ ಮೀಟರ್ ಮೇಡಂ ಒಮ್ಮೆ ಬಂದಳು. ಶೆಡ್ಡಿನ ಬಾಗಿಲಲ್ಲಿ ನಿಂತು ಕಿವಿ ಮುಚ್ಚಿಕೊಂಡು, “ಇಲ್ಲಿ ದಿನಾ ಹೀಗೇನಾ?” ಎಂದು ಕೂಗಿ ಕೇಳಿದಳು.

ಮೇಸ್ತ್ರಿ ಬೆವರು ಒರೆಸಿಕೊಂಡು ಹೆಮ್ಮೆಯಿಂದ ಹೇಳಿದ: “ಇದು ಏನೂ ಅಲ್ಲ ಬಿಡಿ ಮೇಡಂ. ಕೆಲಸ ಜಾಸ್ತಿ ಇರೋ ತಿಂಗಳಲ್ಲಿ ನೀವು ಬರ್ಬೇಕು!”

ಅವಳು ಅದನ್ನೂ ಬರೆದುಕೊಂಡಳು.

ವರದಿ ತಯಾರಾಗಿ, ಜನರ ಅಹವಾಲು ಕೇಳುವ ಸಭೆ ಕರೆಯುವ ಹೊತ್ತಿಗೆ ಕೆಲವು ತಿಂಗಳು ಕಳೆದವು. ಸಭೆ ನಡೆದದ್ದು ಸ್ಕೂಲಿನ ಹಾಲಿನಲ್ಲಿ, ಬೆಳಿಗ್ಗೆ. ಮುಂದಿನ ಸಾಲಿನಲ್ಲಿ ಇಸ್ತ್ರಿ ಹಾಕಿದ ಅಂಗಿಯಲ್ಲಿ ಮೇಸ್ತ್ರಿ, ಪಕ್ಕದಲ್ಲಿ ಬಾಮೈದ, ಅವರ ಹಿಂದೆ ಟೈಲರಮ್ಮ. ಹೆಂಡತಿ ಪಾಳಿ ಮುಗಿಸಿ ನೇರ ಅಲ್ಲಿಗೇ ಬಂದು ಟೈಲರಮ್ಮನ ಪಕ್ಕ ಕೂತಿದ್ದಳು. ‘ನೀನು ಬರಲೇಬೇಕು, ನಿನ್ನ ಪರವಾಗಿ ನಾನು ಹೇಗೆ ಮಾತಾಡ್ತೀನಿ ನೋಡು’ ಎಂದು ಅವನೇ ಹಿಂದಿನ ದಿನ ಹೇಳಿದ್ದ. ವೇದಿಕೆಯ ಮೇಲೆ ಅಧಿಕಾರಿಯೊಬ್ಬರು, ಕಂಪನಿಯ ಮ್ಯಾನೇಜರು, ಮೀಟರ್ ಮೇಡಂ.

ಮೇಡಂ ಓದತೊಡಗಿದಳು. ಉದ್ಯೋಗದ ವಿಷಯಕ್ಕೆ ಜನ ತಲೆದೂಗಿದರು. ಧೂಳಿನ ವಿಷಯಕ್ಕೆ ಕೆಮ್ಮಿದರು. ಆಮೇಲೆ ಸದ್ದಿನ ವಿಷಯ ಬಂತು. ಮೇಸ್ತ್ರಿ ಕುರ್ಚಿಯ ಅಂಚಿಗೆ ಸರಿದ.

“ಈ ಬೀದಿಯಲ್ಲಿ ಹಗಲಿನ ಸದ್ದು ಈಗಾಗಲೇ ದೊಡ್ಡ ಕಾರ್ಖಾನೆಯ ಅಂಗಳದಲ್ಲಿ ಇರುವಷ್ಟಿದೆ. ಕೆಲವು ತಿಂಗಳುಗಳಲ್ಲಿ ಇದಕ್ಕಿಂತಲೂ ಹೆಚ್ಚಿರುತ್ತದೆ ಎಂದು ನಿವಾಸಿಯೊಬ್ಬರು ತಿಳಿಸಿದ್ದಾರೆ. ಆದ್ದರಿಂದ ಲಾರಿಗಳು ಓಡಾಡಿದರೂ ಇಲ್ಲಿಯವರಿಗೆ ಗೊತ್ತಾಗುವಂಥ ವ್ಯತ್ಯಾಸವೇನೂ ಆಗುವುದಿಲ್ಲ. ಕಾಲುವೆ ರಸ್ತೆ ಶಾಂತವಾಗಿದೆ, ಅಲ್ಲಿ ವ್ಯತ್ಯಾಸ ಹೆಚ್ಚು. ಗೇಟನ್ನು ಬೀದಿಯ ಕಡೆಗೆ ಇಡುವುದು ಸೂಕ್ತ.”

ಮೇಸ್ತ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥ ಮಾಡಿಸಿದವನು ಬಾಮೈದ. ಕಿವಿಯ ಹತ್ತಿರ ಬಾಗಿ ಪಿಸುಗುಟ್ಟಿದ:

“ಭಾವ, ಮೈಯೆಲ್ಲ ನೆಗ್ಗಿರೋ ಗಾಡಿಗೆ ಇನ್ನೊಂದು ನೆಗ್ಗು ಬಿದ್ರೆ ಯಾರಿಗೂ ಕಾಣ್ಸಲ್ವಲ್ಲ, ಹಾಗೆ.”

ಇಡೀ ಬೀದಿಯವರು ಒಟ್ಟಿಗೆ ತಿರುಗಿ ಮೇಸ್ತ್ರಿಯನ್ನು ನೋಡಿದರು. ಅವನು ಅಭ್ಯಾಸಬಲದಿಂದ ಎದ್ದು ನಿಂತು ಕೂಗತೊಡಗಿದ. “ಇದು ಅನ್ಯಾಯ! ಇದು ಮೋಸ! ಇಲ್ಲೆಲ್ಲಿದೆ ಸದ್ದು? ಯಾರು ಹೇಳಿದ್ದು ಸದ್ದಿದೆ ಅಂತ?” ಕೈಯಲ್ಲಿ ಮೈಕಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕಂಪನಿಯ ಮ್ಯಾನೇಜರು ನಗುತ್ತಾ ಅಧಿಕಾರಿಯ ಕಡೆ ಬಾಗಿ, “ಸಾರ್, ಇವರೊಬ್ಬರೇ ಸಾಕಲ್ವಾ ಸಾಕ್ಷಿಗೆ?” ಎಂದ. ಇಡೀ ಸಭೆ ಗೊಳ್ಳೆಂದಿತು.

ಮೇಸ್ತ್ರಿ ಹಿಂದೆ ತಿರುಗಿದ. ಹೆಂಡತಿಯನ್ನು ಎಬ್ಬಿಸಿ ನಿಲ್ಲಿಸಿ, ‘ನೋಡಿ, ಈ ಹೆಂಗಸಿನ ನಿದ್ದೆಯ ಪ್ರಶ್ನೆ ಇದು’ ಎಂದು ಹೇಳುವುದು ಅವನ ಉದ್ದೇಶ. ಎಬ್ಬಿಸಬೇಕಾದ ಹೆಂಗಸು ನಿಜವಾಗಿಯೂ ಮಲಗಿದ್ದಳು. ಯೂನಿಫಾರ್ಮಿನ ಮೇಲೆ ಹಳೇ ಸ್ವೆಟರು, ಟೈಲರಮ್ಮನ ಭುಜದ ಮೇಲೆ ತಲೆ, ಬಾಯಿ ಅರ್ಧ ತೆರೆದಿತ್ತು. ಅಷ್ಟು ಗದ್ದಲದಲ್ಲಿ, ಅವನ ಅಷ್ಟು ದೊಡ್ಡ ಗಂಟಲಿನ ಎದುರಿನಲ್ಲಿ.

ಅಲುಗಾಡಿಸಲು ಕೈ ಚಾಚಿದ. ಟೈಲರಮ್ಮ ಅವನ ಕೈಯನ್ನು ಪಟ್ ಎಂದು ಹೊಡೆದು ತಳ್ಳಿದಳು.

“ಎಬ್ಬಿಸಬೇಡಿ ಅಣ್ಣಾ. ಆ ನಿಮ್ಮ ಡ್ರಮ್ಮಿನ ವಾರ ಏನಾಯ್ತು ಗೊತ್ತಾ? ವಾರ್ಡಲ್ಲಿ ನಿಂತಲ್ಲೇ ತೂಕಡಿಸಿ ಔಷಧಿ ಟ್ರೇ ಬೀಳಿಸಿದ್ರು. ಇನ್ನೊಂದು ಸಲ ಹೀಗಾದ್ರೆ ಕೆಲಸಕ್ಕೆ ಬರೋದೇ ಬೇಡ ಅಂದಿದ್ದಾರೆ ಮೇಲಿನವ್ರು.”

“ನನಗೆ ಹೇಳ್ಲೇ ಇಲ್ಲ?”

“ಹೇಳಿದ್ರೆ ನೀವು ಆಸ್ಪತ್ರೆಗೆ ಹೋಗಿ ಕೂಗಾಡ್ತೀರ ಅಂತ ಹೇಳ್ಲಿಲ್ಲ.”

ಹೌದು. ಹೋಗುತ್ತಿದ್ದ. ಅಲ್ಲಿನ ರೋಗಿಗಳನ್ನೂ ಎಬ್ಬಿಸಿ ಬರುತ್ತಿದ್ದ.

ಗೇಟು ಬೀದಿಗೆ ಬಂದರೆ ಲಾರಿ ಹಗಲಿಡೀ ಇವಳ ತಲೆದಿಂಬಿನ ಪಕ್ಕದಲ್ಲೇ ಹಾದುಹೋಗುತ್ತದೆ. ನಿದ್ದೆ ಹೋದರೆ ಕೆಲಸ ಹೋಗುತ್ತದೆ. ಆ ಗೇಟನ್ನು ಕಂಪನಿಯವರು ತಂದಿರಲಿಲ್ಲ. ಒಂದು ವಾರ ಬಿಡುವಿಲ್ಲದೆ ಬಡಿದು ಬಡಿದು ತಾನೇ ಕರೆತಂದಿದ್ದ. ಮೇಸ್ತ್ರಿ ವೇದಿಕೆಯ ಕಡೆ ತಿರುಗಿದ. ಅವನ ಬಾಯಿಂದ ಬಂದ ದನಿ ಎಷ್ಟು ಸಣ್ಣದಾಗಿತ್ತೆಂದರೆ ಹಿಂದಿನ ಸಾಲಿನವರು “ಜೋರಾಗಿ, ಜೋರಾಗಿ” ಎಂದರು. ಅವನ ಜನ್ಮದಲ್ಲಿ ಅವನಿಗೆ ಯಾರೂ ಹಾಗೆ ಹೇಳಿರಲಿಲ್ಲ.

“ಸಾರ್, ಆ ಸದ್ದು ಬೀದೀದಲ್ಲ. ನಂದು. ಖಾಲಿ ಡ್ರಮ್ಮು ಇಟ್ಕೊಂಡು ಬೇಕು ಅಂತಾನೇ ಬಡಿದೆ. ಜಾಸ್ತಿ ಸದ್ದು ತೋರಿಸಿದ್ರೆ ಗೇಟು ಬರಲ್ಲ ಅಂದ್ಕೊಂಡೆ.”

ಅಧಿಕಾರಿ ಕನ್ನಡಕ ತೆಗೆದರು. “ಅಂದ್ರೆ ಸುಳ್ಳು ಸದ್ದು ಮಾಡಿದ್ರಾ?”

“ಸದ್ದು ನಿಜದ್ದೇ ಸಾರ್. ಕೆಲಸ ಸುಳ್ಳು.”

ಜನ ಎಷ್ಟು ನಕ್ಕರೆಂದರೆ ಒಬ್ಬರ ಮೇಲೊಬ್ಬರು ಬಿದ್ದರು. ಮೇಸ್ತ್ರಿಯ ಕಿವಿ ಕೆಂಪಾಗಿ, ಮುಷ್ಟಿ ಬಿಗಿಯಾಗಿ, ಇನ್ನೇನು ಸಿಡಿಯಬೇಕು, ಅಷ್ಟರಲ್ಲಿ ಹಿಂದೆ ಮಲಗಿದ್ದವಳ ನೆನಪಾಯಿತು. ನುಂಗಿಕೊಂಡ. ಸಿಟ್ಟಿಗೆ ಒಂದು ರುಚಿಯಿದೆ, ಹಾಗಲಕಾಯಿ ಮೆದ್ದಂತೆ, ಎಂದು ಆವತ್ತು ಗೊತ್ತಾಯಿತು.

ವರದಿ ಬದಲಿಸುವ ಹಾಗಿಲ್ಲ ಎಂದು ಮ್ಯಾನೇಜರು ಪಟ್ಟು ಹಿಡಿದ. ಮೀಟರ್ ಮೇಡಂ ಮುಖ ಕೆಂಪಗೆ ಮಾಡಿಕೊಂಡು, “ನಾನು ಮತ್ತೆ ಅಳೀತೀನಿ” ಎಂದಳು. ಅಧಿಕಾರಿ ಒಪ್ಪಿದರು.

ಮಾರನೆಯ ದಿನ ಅವಳು ಶೆಡ್ಡಿಗೆ ಬಂದು ಮೊದಲು ಮೇಸ್ತ್ರಿಯನ್ನು ಚೆನ್ನಾಗಿ ಬೈದಳು. ಅವನಿಗಿಂತ ಎಷ್ಟೋ ಚಿಕ್ಕವಳು, ಆದರೂ ಬೈದಳು, ಅವನು ಬೈಸಿಕೊಂಡ. ಬಾಮೈದ ಆ ದೃಶ್ಯವನ್ನು ಪೇಂಟಿನ ಡಬ್ಬಿಯ ಮರೆಯಿಂದ ನೋಡಿ ಕೃತಾರ್ಥನಾದ.

“ಈ ಸಲ ಡ್ರಮ್ಮು ಮುಟ್ಟಲ್ಲ ಮೇಡಂ. ಬರೀ ಮಾಮೂಲಿ ಕೆಲಸ” ಎಂದ ಮೇಸ್ತ್ರಿ.

“ಅದೇ ತೊಂದರೆ ಮೇಸ್ತ್ರಿ. ಡ್ರಮ್ಮು ಬಡಿಯದ ಹೊತ್ತಿನ ಲೆಕ್ಕಾನೂ ನನ್ನ ಹತ್ರ ಇದೆ. ನೀವು ಮಾಮೂಲಿ ಕೆಲಸ ಮಾಡಿದ್ರೂ ಈ ಬೀದಿ ಸದ್ದು ಮಿತಿ ದಾಟುತ್ತೆ. ಲಾರಿಯಿಂದಾಗೋ ವ್ಯತ್ಯಾಸ ಸ್ವಲ್ಪ ಜಾಸ್ತಿ ಕಾಣಬಹುದು, ಅಷ್ಟೇ. ಗೇಟು ಇಲ್ಲಿಗೇ ಬಂದ್ರೂ ಬರಬಹುದು.”

“ಹಾಗಾದ್ರೆ ಆ ವಾರ ಅಂಗಡಿ ಮುಚ್ತೀನಿ!”

“ಅದೂ ಡ್ರಮ್ಮು ಬಡಿದ ಹಾಗೇನೇ. ಆವತ್ತು ಇಲ್ಲದ ಸದ್ದು ಮಾಡಿದ್ರಿ, ಈಗ ಇರೋ ಸದ್ದು ಬಚ್ಚಿಡ್ತೀರಿ. ನಾನು ಒಪ್ಪಲ್ಲ.” ಚೀಲ ಹೆಗಲಿಗೇರಿಸಿಕೊಂಡು ಅವಳು ಹೇಳಿದಳು: “ಶೆಡ್ಡನ್ನೇ ಇಲ್ಲಿಂದ ಎತ್ತಿದ್ರೆ ಬೇರೆ ಮಾತು. ಆಗ ಆ ಶಾಂತಿ ನಿಜವಾದದ್ದು. ಆದ್ರೆ ಆಮೇಲೆ ವಾಪಸ್ ತರೋ ಹಾಗಿಲ್ಲ.”

ಮೇಡಂ ಹೋದದ್ದೇ ತಡ, ಮೇಸ್ತ್ರಿ ಕೈಯಲ್ಲಿದ್ದ ಸುತ್ತಿಗೆಯನ್ನು ಬೀಸಿ ಒಗೆದ. ಅದು ನೇರವಾಗಿ ಹೋಗಿ, ಬೆಳಿಗ್ಗೆಯಿಂದ ಕೂತು ಕನ್ನಡಿಯ ಹಾಗೆ ಸರಿಮಾಡಿದ್ದ ಬಾನೆಟ್ಟಿನ ನಟ್ಟನಡುವೆ ಬಿತ್ತು.

“ಒಳ್ಳೇ ನೆಗ್ಗು ಭಾವ. ಗಿರಾಕಿ ಗುದ್ದಿಸಿದಾಗ್ಲೂ ಇಷ್ಟು ಚೆನ್ನಾಗಿ ಬಿದ್ದಿರ್ಲಿಲ್ಲ” ಎಂದ ಬಾಮೈದ, ಮಾರು ದೂರ ಸರಿದು.

ಮತ್ತೆ ಆ ನೆಗ್ಗು ತೆಗೆಯುತ್ತಾ ಮೇಸ್ತ್ರಿ ಒಂದು ಲೆಕ್ಕ ಹಾಕಿದ. ಇದೇ ಮೊದಲ ಬಾರಿಗೆ ಪೆಟ್ಟುಗಳ ನಡುವೆ ನಿಲ್ಲಿಸಿ ನಿಲ್ಲಿಸಿ ಕಿವಿಗೊಟ್ಟ. ಪ್ರತಿ ಪೆಟ್ಟಿಗೂ ಹಿಂದಿನ ಕೋಣೆಯ ಕಬ್ಬಿಣದ ಮಂಚದಲ್ಲಿ ಅವಳು ಕಿರ್ ಎಂದು ಮಗ್ಗುಲು ಬದಲಿಸುವ ಸದ್ದು. ಬಡಿ, ಕಿರ್. ಬಡಿ, ಕಿರ್. ಇದನ್ನೇ ಇಷ್ಟು ವರ್ಷ ಅವನು ‘ಅಭ್ಯಾಸ’ ಎಂದು ಕರೆದಿದ್ದ. ಗೋದಾಮು ಬಂದರೆ ಏನಾಗುತ್ತದೆ ಎಂದು ಲೆಕ್ಕ ಹಾಕುವವರು ಬಂದರು. ಮೇಸ್ತ್ರಿಯನ್ನು ಮದುವೆಯಾದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ಆ ಹೆಣ್ಣುಮಗಳಿಗೆ ಯಾರೂ ವರದಿ ಕೊಟ್ಟಿರಲಿಲ್ಲ.

ಸಂಜೆ ಅವಳು ಎದ್ದು ಟೀ ಕುಡಿಯುತ್ತಿದ್ದಾಗ ಕೇಳಿದ:

“ನನ್ನ ಸುತ್ತಿಗೆ ಸದ್ದು ನಿನಗೆ ಅಭ್ಯಾಸ ಆಗಿದೆ ಅಲ್ವಾ?”

“ಅಭ್ಯಾಸ ಆಗೋಕೆ ಅದು ಒಂದೇ ಥರ ಇರ್ಬೇಕಲ್ರೀ? ನೀವು ಹದಿನೈದು ಪೆಟ್ಟು ಬಡೀತೀರ, ಆಮೇಲೆ ನಿಲ್ಲಿಸಿ ಯಾರನ್ನೋ ಬೈತೀರ. ಇನ್ನು ಯಾವಾಗ ಶುರುವಾಗುತ್ತೋ ಅಂತ ಕಾಯ್ತಾ ಮಲಗಿರ್ತೀನಿ.”

“ಮತ್ತೆ ಯಾಕೆ ಹೇಳ್ಲಿಲ್ಲ ಇಷ್ಟು ದಿನ?”

ಅವಳು ಲೋಟ ಕೆಳಗಿಟ್ಟು ನಕ್ಕಳು. “ಹೇಳಿದ್ದೆ. ನೀವು ಮಾತಾಡ್ತಾ ಇದ್ರಿ.”

ಕಾಲುವೆ ರಸ್ತೆಯಲ್ಲಿ ಒಂದು ಹಳೇ ಗ್ಯಾರೇಜು ಖಾಲಿ ಬಿದ್ದಿತ್ತು. ಸುತ್ತ ಮನೆಗಳಿಲ್ಲ, ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಆ ಗಾಜಿನ ಕಾರ್ಖಾನೆಯ ಹಿಂಗೋಡೆ. ಮೇಸ್ತ್ರಿ ಅದನ್ನು ಹಿಡಿದ. ಶೆಡ್ಡಿನ ತಗಡುಗಳನ್ನು ಬಿಚ್ಚಿ, ಸಾಮಾನೆಲ್ಲ ಕೈಗಾಡಿಗೆ ಹೇರಿ, ಮೇಲೆ ಆ ಡ್ರಮ್ಮನ್ನೂ ಇಟ್ಟು ತಳ್ಳಿಕೊಂಡು ಹೋಗುವಾಗ ಬಾಮೈದ ಕೇಳಿದ:

“ಭಾವ, ಒಂದ್ಮಾತು. ಬೀದೀಲಿ ಸದ್ದಿಲ್ಲ ಅಂತಾದ್ರೆ ಗೇಟು ಎಲ್ಲಿಗೆ ಬರುತ್ತೆ?”

“ಕಾಲುವೆ ರಸ್ತೆಗೆ.”

“ನಾವೀಗ ಎಲ್ಲಿಗೆ ಹೋಗ್ತಿದ್ದೀವಿ?”

ಮೇಸ್ತ್ರಿ ಗಾಡಿ ನಿಲ್ಲಿಸಲಿಲ್ಲ. “ಗೊತ್ತಿದೆ, ತಳ್ಳೋ.”

“ನಿಮ್ಮ ಹೆಣದ ಮೇಲೆ ಲಾರಿ ಹೋಗ್ಬೇಕು ಅಂದಿದ್ರಲ್ಲ, ಹೆಣಾನ ನೀವೇ ಅಲ್ಲಿಗೆ ತಲುಪಿಸ್ತಿದ್ದೀರ.”

“ತಳ್ಳೋ ಅಂದೆ!” ಎಂದು ಮೇಸ್ತ್ರಿ ಕೂಗಿದ. ಆಮೇಲೆ ಹೆಂಡತಿಯ ಕೋಣೆಯ ಕಿಟಕಿ ನೋಡಿ ಇನ್ನೊಮ್ಮೆ ಮೆಲ್ಲಗೆ ಹೇಳಿದ: “ತಳ್ಳಪ್ಪಾ.”

ಶೆಡ್ಡು ಹೋಗಿ, ಮುಂಭಾಗ ಬೋಳಾಗಿ, ಅಲ್ಲಿ ಟೈಲರಮ್ಮ ಬಟ್ಟೆ ಒಣಹಾಕುವುದು ರೂಢಿಯಾದ ಮೇಲೆ ಮೀಟರ್ ಮತ್ತೆ ತಾರಸಿ ಏರಿತು. ಆ ವಾರ ಒಂದು ದಿನ ಮೇಸ್ತ್ರಿ ಮರೆತುಬಿಟ್ಟ ಉಳಿಗಾಗಿ ಮಧ್ಯಾಹ್ನ ಮನೆಗೆ ಬಂದ. ಯಾವನೋ ಪುಣ್ಯಾತ್ಮ ಬಾಗಿಲಿಗೆ ಅಡ್ಡವಾಗಿ ವ್ಯಾನು ನಿಲ್ಲಿಸಿದ್ದ. ಬೈಗುಳ ಹೊಟ್ಟೆಯಿಂದ ಎದ್ದು, ಎದೆ ದಾಟಿ, ನಾಲಿಗೆಯ ತುದಿಗೆ ಬಂತು. ತಲೆ ಎತ್ತಿ ನೋಡಿದರೆ ಕಪ್ಪು ಉಂಡೆ. ವ್ಯಾನಿನವನ ಹತ್ತಿರ ಹೋಗಿ ಎರಡೂ ಕೈ ಜೋಡಿಸಿ, ಕಣ್ಣಲ್ಲೇ ಬೇಡಿಕೊಂಡ. ವ್ಯಾನಿನವನು ಹೆದರಿಹೋದ. ಗುಡುಗು ಮೇಸ್ತ್ರಿ ಸುಮ್ಮನಿದ್ದಾನೆಂದರೆ ಏನೋ ದೊಡ್ಡದೇ ಕಾದಿದೆ ಎಂದುಕೊಂಡು ಹಿಂದೆ ಮುಂದೆ ನೋಡದೆ ಗಾಡಿ ತೆಗೆದ.

ಮೇಸ್ತ್ರಿ ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಹೋದ. ತನ್ನ ಮನೆಯ ಹಗಲನ್ನು ಅವನು ಕೇಳಿದ್ದು ಅದೇ ಮೊದಲು. ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದುರುಮನೆಯಲ್ಲಿ ಹೊಲಿಗೆ ಯಂತ್ರ ಓಡಿ ನಿಂತು ಓಡುತ್ತಿತ್ತು. ಮತ್ತೆ ಇನ್ನೊಂದು ಸದ್ದು, ಹಳೇ ಗಾಡಿಯ ಇಂಜಿನ್ನು ಏರು ಹತ್ತುವಂಥದ್ದು. ಎಲ್ಲಿಂದ ಎಂದು ಹುಡುಕುತ್ತಾ ಹೋದರೆ ಹಿಂದಿನ ಕೋಣೆಯ ಬಾಗಿಲಿಗೆ ಬಂದು ನಿಂತ. ಹೆಂಡತಿ ಗೊರಕೆ ಹೊಡೆಯುತ್ತಿದ್ದಳು. ಕಿವಿಯಲ್ಲಿ ಹತ್ತಿಯಿರಲಿಲ್ಲ. ಅವಳು ಗೊರಕೆ ಹೊಡೆಯುತ್ತಾಳೆಂಬುದೇ ಇಷ್ಟು ವರ್ಷ ಅವನಿಗೆ ಗೊತ್ತಿರಲಿಲ್ಲ. ಹೊಡೆಯುವಷ್ಟು ಆಳಕ್ಕೆ ಅವಳು ಯಾವಾಗ ಇಳಿದಿದ್ದಳು?

ಬಾಗಿಲ ಬಳಿ ಸುಮಾರು ಹೊತ್ತು ನಿಂತ. ಆಮೇಲೆ ಒಂದು ಭಯ ಹುಟ್ಟಿತು: ಈ ಗೊರಕೆ ಮೀಟರಿನಲ್ಲಿ ದಾಖಲಾಗಿ ಗೇಟು ಮತ್ತೆ ಬೀದಿಗೆ ಬಂದುಬಿಟ್ಟರೆ? ಉಳಿ ತೆಗೆದುಕೊಳ್ಳುವುದನ್ನೂ ಮರೆತು, ಕಿಟಕಿ ಬಾಗಿಲೆಲ್ಲ ಮೆಲ್ಲಗೆ ಮುಚ್ಚಿ ಹೊರಗೆ ಬಂದ.

ಹೊಸ ವರದಿ ಬಂತು. ಅದು ಶಾಂತವಾದ ವಸತಿ ಬೀದಿ, ಲಾರಿಗಳು ಬಂದರೆ ನಿವಾಸಿಗಳಿಗೆ ಬಹಳ ತೊಂದರೆ ಎಂದು ಬರೆದಿತ್ತು. ಕಂಪನಿಯವರು ಗೊಣಗುತ್ತಾ ಕಾಲುವೆಗೆ ಸೇತುವೆ ಕಟ್ಟಿದರು. ಗೋದಾಮು ಎದ್ದಿತು. ಅದರ ಕಾವಲುಗಾರರ ಯೂನಿಫಾರ್ಮು ಹೊಲಿಯುವ ಕೆಲಸ ಟೈಲರಮ್ಮನಿಗೆ ಸಿಕ್ಕಿತು. ಗೇಟು ಎಲ್ಲಿ ಬಂತು ಎಂದು ಹೇಳಬೇಕಾಗಿಲ್ಲ: ಮೇಸ್ತ್ರಿಯ ಹೊಸ ಗ್ಯಾರೇಜಿನ ಬಾಗಿಲಲ್ಲಿ ನಿಂತು ಉಗುಳಿದರೆ ಕಂಬಕ್ಕೆ ಬೀಳುವಷ್ಟು ದೂರ. ಅವನು ಒಂದೆರಡು ಸಲ ಸಿಟ್ಟಿನಲ್ಲಿ ಪರೀಕ್ಷಿಸಿಯೂ ನೋಡಿದ್ದಾನೆ.

ಈಗ ದಿನವಿಡೀ ಅವನ ಮುಂದೆ ಲಾರಿಗಳು ಹಾರ್ನ್ ಹೊಡೆಯುತ್ತವೆ, ಹಿಂದೆ ಬರುವಾಗ ಪೀಂ ಪೀಂ ಎನ್ನುತ್ತವೆ. ಹೊಸ ಗೇಟು ಸ್ವಲ್ಪ ಕಿರಿದು. ಹಾಗಾಗಿ ಆಗಾಗ ಒಂದು ಲಾರಿ ಕಂಬಕ್ಕೆ ಒರಸಿಕೊಂಡು ಬಂದು ಮೇಸ್ತ್ರಿಯ ಎದುರು ನಿಲ್ಲುತ್ತದೆ. ಡ್ರೈವರುಗಳಿಗೆ ಅವನು ಬಯ್ಯುತ್ತಾನೆ. ಅವರಿಗೆ ಕೇಳಿಸುವುದಿಲ್ಲ. ಅವರು ಬಯ್ಯುತ್ತಾರೆ, ಅವನಿಗೆ ಕೇಳಿಸುವುದಿಲ್ಲ. ಹೀಗಾಗಿ ಆ ರಸ್ತೆಯಲ್ಲಿ ಯಾರ ಮೇಲೆ ಯಾರಿಗೂ ದ್ವೇಷ ಬೆಳೆದಿಲ್ಲ.

ಒಂದು ಸಂಜೆ ಅವನು ಲಾರಿಯೊಂದರ ಬಾಗಿಲಿಗೆ ಮುಖ ಕೊಟ್ಟು ಬಡಿಯುತ್ತಿದ್ದ. ಹಿಂದಿನಿಂದ ಧಡಾರ್ ಎಂದು ಸದ್ದಾಯಿತು. ಅವನು ಕೂರಲು ಇಟ್ಟುಕೊಂಡಿದ್ದ ಡ್ರಮ್ಮಿಗೆ ಯಾರೋ ಸುತ್ತಿಗೆಯಿಂದ ಬಾರಿಸಿದ್ದರು.

“ಯಾವನೋ ಅದು, ನನ್ನ ಡ್ರಮ್ಮು ಬಡಿದಿದ್ದು!” ಎಂದು ಕಣ್ಣು ಕೆಕ್ಕರಿಸಿಕೊಂಡು ತಿರುಗಿದ.

ಹೆಂಡತಿ. ಒಗೆದ ಯೂನಿಫಾರ್ಮು, ಬಾಚಿದ ತಲೆ, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಸುತ್ತಿಗೆ. ಕೆಲಸಕ್ಕೆ ಹೋಗುವ ದಾರಿಯಲ್ಲಿ ಬಂದಿದ್ದಳು. ಎಷ್ಟು ಹೊತ್ತಿನಿಂದ ಕರೆಯುತ್ತಿದ್ದಳೋ, ಕೊನೆಗೆ ಬೇರೆ ದಾರಿ ಕಾಣದೆ ಬಾರಿಸಿದ್ದಳು. ಅವಳ ತುಟಿ ಅಲ್ಲಾಡಿತು.

“ಏನು?”

ಮತ್ತೆ ಅಲ್ಲಾಡಿತು. ಅಷ್ಟರಲ್ಲಿ ಒಂದು ಲಾರಿ ಪೀಂ ಪೀಂ ಎಂದು ಹಿಂದೆ ಸರಿಯತೊಡಗಿತ್ತು.

“ಏನಂದೆ? ಕೇಳಿಸ್ತಿಲ್ಲ!”

ಮದುವೆಯಾದಾಗಿನಿಂದ ದನಿಯೆತ್ತಿ ಮಾತಾಡದ ಹೆಂಗಸು ಡಬ್ಬಿಯನ್ನು ಡ್ರಮ್ಮಿನ ಮೇಲಿಟ್ಟು, ಎದೆ ತುಂಬ ಉಸಿರೆಳೆದುಕೊಂಡು, ಕಾಲುವೆಯ ಆಚೆ ದಡಕ್ಕೂ ಕೇಳುವಂತೆ ಕೂಗಿದಳು:

“ಇವತ್ತು ನಿದ್ದೆ ಚೆನ್ನಾಗಿ ಆಯ್ತು ರೀ!”

ಲಾರಿ ನಿಂತಿತು. ಡ್ರೈವರುಗಳು ತಲೆ ಹೊರಗೆ ಹಾಕಿದರು. ಗೇಟಿನ ಕಾವಲುಗಾರ ನಕ್ಕ. ಬಾಮೈದ ಬ್ರಷ್ಷು ಡಬ್ಬಿಗೆ ಹಾಕಿ ಓಡಿಬಂದು, “ಅಕ್ಕಾ, ನೀನಾ ಕೂಗಿದ್ದು?” ಎಂದ.

ಉತ್ತರವಾಗಿ ಕೂಗಲು ಮೇಸ್ತ್ರಿ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡ. ಡಬ್ಬಿ ತೆಗೆದುಕೊಂಡು, ತಲೆಯಾಡಿಸಿದ.